ಗೆರೆ ಎಳೆದವರು, ಬಣ್ಣ ತುಂಬಿದವರು

ಸೃಜನಶೀಲತೆ ಅನ್ನೋ ಮಾತು ಕೇಳೋಕೆ ಬಲು ಚೆಂದ. ಆದರೆ ಒಂದು ಕಂಪನಿ ತನ್ನ ಒಂದು ಕೋಣೆಯ ಬಾಗಿಲಿಗೆ ‘ಸೃಜನಶೀಲ ವಿಭಾಗ’ ಎಂದು ಹಲಗೆ ಹಾಕಿದ ಗಳಿಗೆಯಲ್ಲೇ ಪಕ್ಕದ ಕೋಣೆಗೂ ಕಣ್ಣಿಗೆ ಕಾಣದ ಒಂದು ಹಲಗೆ ಬೀಳುತ್ತದೆ: ಇಲ್ಲಿರೋರು ಸೃಷ್ಟಿಸುವವರಲ್ಲ, ಬರೀ ದುಡಿಯುವವರು. ಈ ಎರಡನೆಯ ಹಲಗೆಯನ್ನು ಬರೆದವರು ಯಾರು? ಯಾವ ಹಕ್ಕಿನಿಂದ ಬರೆದರು?

ವಾಲ್ಟ್ ಡಿಸ್ನಿಯ ಕಂಪನಿಯನ್ನೇ ನೋಡಿ. ಇವತ್ತು ಅದು ಜಗತ್ತನ್ನೇ ನುಂಗೋ ದೈತ್ಯ. 1923ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಣ್ಣತಮ್ಮಂದಿರಿಬ್ಬರು ಶುರು ಮಾಡಿದಾಗ ಪುಟ್ಟದೊಂದು ಸ್ವತಂತ್ರ ಅಂಗಡಿ. 1928ರಲ್ಲಿ ಮಿಕ್ಕಿ ಎಂಬ ಇಲಿ ಪರದೆಗೆ ಬಂತು, 1930ರಲ್ಲಿ ದಿನಪತ್ರಿಕೆಯ ಚಿತ್ರಕಥೆಗೂ ಹೋಯಿತು. ಕೆಲಸ ಬೆಳೆದ ಹಾಗೆ ವಿಭಾಗಗಳೂ ಬೆಳೆದವು. ಕಥೆಗೊಂದು, ಚಿತ್ರಕ್ಕೆ ಚಲನೆ ಕೊಡೋಕೊಂದು, ಹಿನ್ನೆಲೆಗೊಂದು, ಶಾಯಿ ಮತ್ತು ಬಣ್ಣಕ್ಕೊಂದು.

ಶಾಯಿ-ಬಣ್ಣದ ವಿಭಾಗ ಹೆಂಗಸರದು. ಗಂಡಸರು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದನ್ನು ಇವರು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ಇಳಿಸಬೇಕು. ಹಾಳೆ ಮಗುಚಿ ಹಿಂಬದಿಯಿಂದ ಬಣ್ಣ ತುಂಬಬೇಕು. 1937ರ ‘ಸ್ನೋ ವೈಟ್’ 83 ನಿಮಿಷದ ಚಿತ್ರ. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕ ಹಿಡಿದರೆ ಒಟ್ಟು 1,19,000 ದಾಟುತ್ತದೆ. ಪರದೆಯ ಮೇಲೆ ಎಷ್ಟೋ ಗಂಡಸರ ಹೆಸರು ಬಂತು. ಶಾಯಿ-ಬಣ್ಣದ ಹೆಂಗಸರ ಹೆಸರು ಬರಲಿಲ್ಲ.

1938ರಲ್ಲಿ ಕೆಲಸ ಕೇಳಿ ಬರೆದ ಒಬ್ಬ ಹುಡುಗಿಗೆ ಕಂಪನಿ ಕೊಟ್ಟ ಉತ್ತರ ಇವತ್ತಿಗೂ ಉಳಿದಿದೆ. ಸೃಜನಶೀಲ ಕೆಲಸ ಇಲ್ಲಿ ಹೆಂಗಸರದ್ದಲ್ಲ, ಅದು ಪೂರ್ತಿ ಯುವಕರದು, ಹೆಂಗಸರಿಗಿರೋದು ಶಾಯಿ ಮತ್ತು ಬಣ್ಣದ ಕೆಲಸ ಎಂಬುದು ಅದರ ತಾತ್ಪರ್ಯ. ತಮಾಷೆ ಅಂದರೆ, 1935ರಿಂದಲೇ ಅದೇ ಕಂಪನಿಯ ಕಥಾವಿಭಾಗದಲ್ಲಿ ಬಿಯಾಂಕಾ ಮಜೋಲಿ ಎಂಬ ಹೆಣ್ಣುಮಗಳು ಕೆಲಸ ಮಾಡುತ್ತಿದ್ದಳು! ಕಣ್ಣೆದುರಿನ ಸತ್ಯಕ್ಕಿಂತ ಬೇಲಿಯೇ ದೊಡ್ಡದಾಯಿತು.

ಈ ಬೇಲಿ ನಮಗೆ ಹೊಸದಲ್ಲ. ಆ ಕಾಗದಕ್ಕೆ ಎರಡು ವರ್ಷ ಮೊದಲು, 1936ರಲ್ಲಿ, ಲಾಹೋರಿನಲ್ಲಿ ಮಾಡಗೊಡದ ತಮ್ಮ ಭಾಷಣವನ್ನು ಬಾಬಾಸಾಹೇಬರು ತಾವೇ ಅಚ್ಚು ಹಾಕಿಸಿದರು. ಜಾತಿ ಎಂದರೆ ಕೆಲಸದ ಹಂಚಿಕೆ ಅಷ್ಟೇ ಎನ್ನುವವರಿಗೆ ಅದರಲ್ಲಿ ಉತ್ತರವಿದೆ: ಜಾತಿ ಕೆಲಸಗಾರರನ್ನೇ ಒಡೆದು, ಒಬ್ಬರ ತಲೆ ಮೇಲೆ ಇನ್ನೊಬ್ಬರನ್ನು ಕೂರಿಸುತ್ತದೆ. ಕೆಲಸ ಹಂಚಿಕೊಳ್ಳದೆ ಸಿನಿಮಾ ಆಗೋದಿಲ್ಲ, ಒಪ್ಪೋಣ. ಹುಟ್ಟು ನೋಡಿ ಹಂಚಿ, ಆಮೇಲೆ ಬಾಗಿಲಿಗೆ ಚಿಲಕ ಹಾಕಿದರೆ ಅದಕ್ಕೆ ಏನನ್ನಬೇಕು?

‘ಬೇರೆಯವನ ಗೆರೆಯನ್ನು ನಕಲು ಮಾಡೋದು ಯಾವ ಸೀಮೆ ಸೃಷ್ಟಿ?’ ಅಂತ ಕೇಳೋರಿದ್ದಾರೆ. ಮೃದಂಗಕ್ಕೆ ಚರ್ಮ ಹದ ಮಾಡಿ, ಬಿಗಿದು, ನಾದ ಕೂರಿಸುವ ದಲಿತ ಕುಶಲಕರ್ಮಿಗಳ ಬಗ್ಗೆಯೂ ಇದೇ ಮಾತು. ಚರ್ಮ ಮುಟ್ಟಿದವನದು ಕಸುಬು, ನುಡಿಸಿದವನದು ಕಲೆ! ಆದರೆ ನಾದ ಕೂತಿತೋ ಇಲ್ಲವೋ ಎಂದು ಮೊದಲು ಅರಿಯೋ ಕಿವಿ ಯಾರದು? ಪೆನ್ಸಿಲಿನ ಗೆರೆಯ ಜೀವ ಶಾಯಿಯಲ್ಲಿ ಸಾಯದ ಹಾಗೆ ಕಾಪಾಡಿದ ಕೈ ಯಾರದು? ಆ ಕೈಯ ಹಿಂದೆ ಬುದ್ಧಿ ಇಲ್ಲ ಅನ್ನೋದು ಬುದ್ಧಿವಂತರ ಹಳೇ ಸುಳ್ಳು.

ಟೈರಸ್ ವಾಂಗ್ ಚೀನಾದಿಂದ ವಲಸೆ ಬಂದವನು. ಕಲಾಶಾಲೆಯಲ್ಲಿ ಕಸ ಗುಡಿಸಿಕೊಂಡೇ ಚಿತ್ರ ಕಲಿತ. 1938ರಲ್ಲಿ ಇದೇ ಕಂಪನಿಗೆ ಸೇರಿದಾಗ ಅವನಿಗೆ ಸಿಕ್ಕಿದ್ದು ಎರಡು ಚಿತ್ರಗಳ ನಡುವಿನ ಚಿತ್ರ ಬರೆಯುವ ಕೆಳಗಿನ ಕೆಲಸ. 1942ರ ‘ಬ್ಯಾಂಬಿ’ಯ ಮಂಜು ಕವಿದ ಕಾಡಿನ ರೂಪ ಹುಟ್ಟಿದ್ದು ಅವನ ಚಿತ್ರಗಳಿಂದ. ಪರದೆಯ ಮೇಲೆ ಅವನು ಹಿನ್ನೆಲೆ ಬರೆದವರಲ್ಲಿ ಒಬ್ಬ, ಅಷ್ಟೆ. ಚಿತ್ರ ತೆರೆಗೆ ಬರೋ ಮೊದಲೇ ಅವನ ಕೆಲಸವೂ ಹೋಗಿತ್ತು.

1941ರ ಮೇ ತಿಂಗಳಲ್ಲಿ ಈ ಕಂಪನಿಯ ನೂರಾರು ಕೆಲಸಗಾರರು ಮುಷ್ಕರ ಹೂಡಿದರು. ಶಾಯಿ-ಬಣ್ಣದ ಹೆಂಗಸರೂ ಗೇಟಿನ ಮುಂದೆ ನಿಂತರು. ಕೊನೆಗೆ ಒಡೆಯ ಸಂಘವನ್ನು ಒಪ್ಪಲೇಬೇಕಾಯಿತು. ಕನಸು ಮಾರೋ ಕಂಪನಿಯಲ್ಲೂ ಕೂಲಿಗಾಗಿ ಬೀದಿಗೆ ಇಳಿಯಬೇಕಾಯಿತು ಎಂಬುದನ್ನು ನಾವು ಮರೆಯಬಾರದು.

ಈಗ ನಮ್ಮವರೂ ಇಂಥ ಸಂಸ್ಥೆಗಳನ್ನು ಕಟ್ಟುತ್ತಿದ್ದಾರೆ. ಚೆನ್ನೈನಲ್ಲಿ ನಿರ್ದೇಶಕ ಪಾ. ರಂಜಿತ್ ಕಟ್ಟಿದ ‘ನೀಲಂ’ ಸಿನಿಮಾ ತೆಗೆಯುತ್ತದೆ, ಪುಸ್ತಕ ಅಚ್ಚು ಹಾಕುತ್ತದೆ. 2018ರಲ್ಲಿ ಅದು ಮಾರಿ ಸೆಲ್ವರಾಜ್ ನಿರ್ದೇಶಿಸಿದ ‘ಪರಿಯೇರುಂ ಪೆರುಮಾಳ್’ ಚಿತ್ರವನ್ನು ಕೊಟ್ಟಿತು. ಅದೇ ವರ್ಷದ ಜನವರಿಯಲ್ಲಿ ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ಮೊದಲ ಸಲ ವೇದಿಕೆ ಏರಿತು. ಸಾವಿನ ಮನೆಯ ಮುಂದಿನ ಹಾಡು, ವಾದ್ಯಗಳು ಗಿಟಾರಿನ ಪಕ್ಕದಲ್ಲೇ ನಿಂತವು. ಹಿಂದೆ ನಿಂತವರು ಮುಂದೆ ಬಂದರೆ ಕಲೆಯ ಸ್ವರವೇ ಬದಲಾಗುತ್ತೆ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಹಾಡಿನಲ್ಲಿ ಸಮಾನತೆ ಬಂದಮಾತ್ರಕ್ಕೆ ಸಂಸ್ಥೆಯೊಳಗೆ ಬಂದುಬಿಡೋದಿಲ್ಲ. ಗೆಳೆಯರೆ, ನಾಟಕ ತಂಡವಿರಲಿ, ಪತ್ರಿಕೆಯಿರಲಿ, ಸಿನಿಮಾ ಇರಲಿ, ಅಲ್ಲಿ ದೀಪ ಹಿಡಿದವನ ಹೆಸರು ಬರೆದಿದ್ದೀರಾ? ಪರದೆ ಹೊಲಿದವಳ ಕೂಲಿ ಕೊಟ್ಟಿದ್ದೀರಾ? ನಾಳೆ ಅವಳು ‘ನನ್ನ ಹತ್ರಾನೂ ಒಂದು ಕಥೆ ಐತೆ’ ಅಂದರೆ ಕೂತು ಕೇಳ್ತೀರಾ? ನಮ್ಮ ಬಾವುಟದ ಬಣ್ಣ ಯಾವುದೇ ಇರಲಿ, ಈ ಮೂರಕ್ಕೂ ಹೌದು ಅನ್ನಲಾಗದಿದ್ದರೆ ನಾವು ಕಟ್ಟಿದ್ದು ಹಳೇ ಅಗ್ರಹಾರವನ್ನೇ.