ಉಂಡು ಬಡಿಸುವುದು

ಆನ್‌ಲೈನಿನಲ್ಲಿ ಹಾಡು ಬರೆಯೋದನ್ನ ಕಲಿಸುವವರಿಗೆ ಸ್ವಂತ ಬರವಣಿಗೆಗೆ ಟೈಮ್ ಎಲ್ಲಿ ಅಂತ ಕೇಳ್ತಾರೆ. ನನ್ನ ಮಟ್ಟಿಗೆ ಇದು ಟೈಮಿನ ಪ್ರಶ್ನೆಯಲ್ಲ, ನ್ಯಾಯದ್ದು.

ಶಿಷ್ಯೆಯ ಪಲ್ಲವಿ ಇಬ್ಬರ ಪರದೆಯಲ್ಲೂ ತೆರೆದಿರುತ್ತೆ. ಮಿಶ್ರಛಾಪುವಿಗೆ ಏಳು ಮಾತ್ರೆ ಬೇಕು, ಅಲ್ಲಿರೋದು ಆರು. ಸರಿಯಾದ ಪದ ನನಗೆ ಹೊಳೆದಿದೆ, ನನ್ನ ಕರ್ಸರ್ ಅಲ್ಲೇ ಮಿಟುಕುತ್ತಿದೆ. ಟೈಪ್ ಮಾಡಿದರೆ ತಾಳ ಸರಿಹೋಗುತ್ತೆ. ಆದರೆ ಆಮೇಲೆ ಆ ಸಾಲು ಯಾರದು?

ಹರಿದಾಸರಲ್ಲಿ ಗುರು ಶಿಷ್ಯನಿಗೆ ಅಂಕಿತ ಕೊಡುತ್ತಿದ್ದರು. ವಿಜಯದಾಸರಿಂದ ‘ಗೋಪಾಲ ವಿಠಲ’ ಎಂಬ ಅಂಕಿತ ಪಡೆದ ಗೋಪಾಲದಾಸರು ಹಾಡುಗಳನ್ನು ತಾವೇ ಕಟ್ಟಿದರು. ಗುರುವಿನಿಂದ ಬಂದದ್ದು ಸಹಿ ಹಾಕುವ ಹಕ್ಕು. ವಿಜಯದಾಸರ ಸುಳಾದಿಗಳು ‘ವಿಜಯ ವಿಠಲ’ ಅಂಕಿತದಲ್ಲಿ ಬೇರೆಯೇ ಇವೆ.

ಈ ಎರಡನೆಯದನ್ನೂ ನಾವು ಮರೆಯಬಾರದು. ವಾರಗಟ್ಟಲೆ ಏನೂ ಬರೆಯದೆ ಕೂತರೆ ನನ್ನೊಳಗಿನ ಹಸಿವು ಶಿಷ್ಯರ ಸಾಲಿಗೇ ಕೈ ಹಾಕುತ್ತೆ. ಆಗ ತಿದ್ದುವುದೆಂದರೆ ಸಹಾಯದ ವೇಷ ತೊಟ್ಟ ನನ್ನದೇ ಬರವಣಿಗೆ. ಹಾಗಾಗಿ ಕ್ಲಾಸಿಗೆ ಮುಂಚೆ ಅರ್ಧ ಗಂಟೆ ನನ್ನ ನೋಟ್‌ಬುಕ್ಕಿನಲ್ಲಿ ಗೀಚುತ್ತೇನೆ. ಬಂದದ್ದು ಕೆಟ್ಟದಾಗಿದ್ದರೂ ಪರವಾಗಿಲ್ಲ. ಅದು ಸ್ವಾರ್ಥ ಅಲ್ಲ, ಅವರ ಹಾಡಿಗೂ ನನಗೂ ನಡುವಿನ ಬೇಲಿ.

ಉಂಡು ಬಡಿಸುವವರ ಕಣ್ಣು ಬೇರೆಯವರ ಎಲೆ ಮೇಲೆ ಇರಲ್ಲ.