ಆಕಾಶಗಂಗೆಯ ಹಾಸುಹೊಕ್ಕು

ಲೋಕವೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದ್ದರೆ ಆ ನೀರು ಯಾವುದರಲ್ಲಿ ಹಾಸುಹೊಕ್ಕಾಗಿದೆ? ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ಕೇಳುವ ಪ್ರಶ್ನೆಯಿದು. ಜನಕನ ಸಭೆಯಲ್ಲಿ ಯಾಜ್ಞವಲ್ಕ್ಯ ಒಂದೊಂದಾಗಿ ಉತ್ತರ ಹೇಳುತ್ತ ಹೋಗುತ್ತಾನೆ: ನೀರು ಗಾಳಿಯಲ್ಲಿ, ಗಾಳಿ ಅಂತರಿಕ್ಷದಲ್ಲಿ, ಮುಂದೆ ಆದಿತ್ಯಲೋಕ ಚಂದ್ರಲೋಕದಲ್ಲಿ, ಚಂದ್ರಲೋಕ ನಕ್ಷತ್ರಲೋಕದಲ್ಲಿ. ಬ್ರಹ್ಮಲೋಕದ ಆಚೆಗೂ ಪ್ರಶ್ನೆ ಚಾಚಿದಾಗ, ಅತಿಯಾಗಿ ಕೇಳಬೇಡ, ತಲೆ ಉರುಳೀತು ಎಂದು ತಡೆಯುತ್ತಾನೆ. ಈ ಪ್ರಶ್ನೆಯಲ್ಲಿರುವ ಸಂಸ್ಕೃತದ ‘ಓತಪ್ರೋತ’ ಮಗ್ಗದಿಂದ ಬಂದ ಮಾತು. ಕನ್ನಡದ ಹಾಸುಹೊಕ್ಕೂ ಅಲ್ಲಿಯದೇ.

ತಮಿಳುನಾಡಿನ ನೇಯ್ಗೆಯ ಊರಾದ ಎಡಪ್ಪಾಡಿಯಲ್ಲಿ ಈ ರೂಪಕಕ್ಕೆ ಭಾಷ್ಯ ಬೇಕಿಲ್ಲ. ತಮಿಳಿನಲ್ಲಿ ಪಾವು, ಊಡೆ; ಕನ್ನಡದಲ್ಲಿ ಹಾಸು, ಹೊಕ್ಕು; ಮಗ್ಗ ಒಂದೇ. ಸೇಲಂ ಸೀಮೆಯ ದೇವಾಂಗರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ತೆಲುಗಿನವರೂ ಇದ್ದಾರೆ. ವಿಷ್ಣುವಿನ ನಾಭಿಕಮಲದ ನಾರನ್ನು ತಂದು ದೇವಲ ಮಹರ್ಷಿ ಮೊದಲ ಬಟ್ಟೆ ನೇಯ್ದನೆಂಬುದು ಅವರ ಕುಲಪುರಾಣ. ಬಟ್ಟೆಗಿಂತ ಮೊದಲು ನೂಲು ಎಲ್ಲಿತ್ತು ಎಂಬ ಪ್ರಶ್ನೆ ಆ ಕಥೆಯಲ್ಲೂ ಇದೆ.

ನಕ್ಷತ್ರಲೋಕವೆಂಬ ಬಟ್ಟೆಯ ಅಳತೆ ಇಂದು ಸಾಕಷ್ಟು ತಿಳಿದಿದೆ. ಆಕಾಶಗಂಗೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲದ ತೆಳು ತಟ್ಟೆ; ದಪ್ಪ ಹೆಚ್ಚುಕಡಿಮೆ 1,000 ಜ್ಯೋತಿರ್ವರ್ಷ. ನಡುವೆ ಉಬ್ಬು, ಅದರ ಉದ್ದಕ್ಕೂ ನಕ್ಷತ್ರಗಳ ದಂಡ, ಸುತ್ತ ಸುರುಳಿ ಬಾಹುಗಳು. ಒಟ್ಟು ನಕ್ಷತ್ರಗಳು 10,000 ಕೋಟಿಗೆ ಕಡಿಮೆಯಿಲ್ಲ. ಅವುಗಳ ನಡುವೆ ಹೈಡ್ರೋಜನ್, ಹೀಲಿಯಂ ಅನಿಲ, ಧೂಳು. ತಟ್ಟೆಯ ಹೊರಗೆ ಗೋಳಾಕಾರದ ಹರಹಿನಲ್ಲಿ ಸುಮಾರು 150 ಮುದುಕ ನಕ್ಷತ್ರಗುಚ್ಛಗಳಿವೆ. ಅವುಗಳ ಹಂಚಿಕೆಯನ್ನು ನೋಡಿಯೇ 1918ರಲ್ಲಿ ಹಾರ್ಲೋ ಶಾಪ್ಲಿ, ಸೂರ್ಯ ನಡುವಿನಲ್ಲಿಲ್ಲ ಎಂದು ತೋರಿಸಿದ. ಇಂದಿನ ಲೆಕ್ಕದಲ್ಲಿ ಕೇಂದ್ರಕ್ಕೂ ಸೂರ್ಯನಿಗೂ ಸುಮಾರು 26,000 ಜ್ಯೋತಿರ್ವರ್ಷ ದೂರ. ಆ ಕೇಂದ್ರದಲ್ಲಿ 40 ಲಕ್ಷಕ್ಕೂ ಹೆಚ್ಚು ಸೂರ್ಯರ ತೂಕದ ಕಪ್ಪುಕುಳಿಯಿದೆ. 2022ರ ಮೇ ತಿಂಗಳಲ್ಲಿ ಅದರ ಚಿತ್ರವೂ ಬಂತು.

ಎಡಪ್ಪಾಡಿಯ ಅಕ್ಷಾಂಶ ಸುಮಾರು 11.6 ಡಿಗ್ರಿ. ಹಾಗಾಗಿ ಆಕಾಶವೆಲ್ಲ ತನ್ನ ಸುತ್ತ ತಿರುಗುವಂತೆ ಕಾಣಿಸುವ ಧ್ರುವ, ಉತ್ತರ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಮನೆಯ ಸೂರಿಗೂ ಮರೆಯಾಗುವಷ್ಟು ಕೆಳಗಿರುತ್ತದೆ. ಸೂರ್ಯನೂ ಸೇರಿ ನಕ್ಷತ್ರಗಳು ನಿಜವಾಗಿ ಸುತ್ತುವ ಕೇಂದ್ರ, ದಕ್ಷಿಣದಲ್ಲಿ ಧನುಸ್ಸಿನ ಕಡೆ 49 ಡಿಗ್ರಿವರೆಗೆ ಏರುತ್ತದೆ. ಅದರ ಹತ್ತಿರದ ನಕ್ಷತ್ರದ ಹೆಸರು ಮೂಲಾ. ಈ ಹೊಂದಿಕೆ ಮನಸ್ಸಿಗೆ ಹಿಡಿಸುತ್ತದೆ. ಆದರೆ ಹಿಂದಿನವರಿಗೆ ಕೇಂದ್ರ ಗೊತ್ತಿತ್ತು ಎನ್ನಲು ಅದು ಸಾಕ್ಷಿಯಾಗದು.

ಬಟ್ಟೆಯಲ್ಲಿ ಕಾಣದ ಎಳೆಯೊಂದಿದೆ ಎಂಬುದು ಗೊತ್ತಾದದ್ದು ನಕ್ಷತ್ರಗಳ ಈ ಸುತ್ತುವಿಕೆಯಿಂದ. ಸೂರ್ಯನ ಸುತ್ತ ಬುಧ ಸೆಕೆಂಡಿಗೆ 47 ಕಿಲೋಮೀಟರ್ ವೇಗದಲ್ಲಿ ಓಡಿದರೆ, ದೂರದ ನೆಪ್ಚೂನ್ ಸುಮಾರು 5 ಕಿಲೋಮೀಟರಿಗೆ ಇಳಿಯುತ್ತದೆ. ಆಕಾಶಗಂಗೆಯಂಥ ನಕ್ಷತ್ರಪುಂಜದ ಅಂಚಿನಲ್ಲೂ ವೇಗ ಹಾಗೆಯೇ ಇಳಿಯಬೇಕಿತ್ತು. 1970ರ ದಶಕದಲ್ಲಿ ವೀರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮೀಡಾ ಮೊದಲಾದ ಪುಂಜಗಳನ್ನು ಅಳೆದಾಗ ಅದು ಹಾಗೆ ಇಳಿಯಲಿಲ್ಲ. ಆಕಾಶಗಂಗೆಯಲ್ಲೂ ಸೂರ್ಯ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾನೆ. ಅವನಿಗಿಂತ ಬಹಳ ಹೊರಗಿರುವ ನಕ್ಷತ್ರಗಳೂ ಹೆಚ್ಚು ಹಿಂದೆ ಬೀಳುವುದಿಲ್ಲ. ಕಾಣುವ ದ್ರವ್ಯದ ಸೆಳೆತ ಮಾತ್ರ ಇದ್ದಿದ್ದರೆ ಅವು ಚದುರಿಹೋಗಬೇಕಿತ್ತು. ಹಿಡಿದಿಟ್ಟಿರುವುದು ಬೆಳಕು ಬೀರದ, ಬೆಳಕು ಹೀರದ ಕಪ್ಪುದ್ರವ್ಯ ಎಂಬುದೇ ಬಹುಪಾಲು ಖಗೋಳಜ್ಞರ ಅಭಿಪ್ರಾಯ. ಪುಂಜದ ತೂಕದಲ್ಲಿ ಹೆಚ್ಚಿನದು ಅದೇ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ: ಕಾಣದೆ ಎಲ್ಲವನ್ನೂ ಹಿಡಿದಿರುವುದು ಗಾರ್ಗಿಗೆ ಸಿಕ್ಕ ಉತ್ತರವೇ ತಾನೆ? ಉಪನಿಷತ್ತು ಇದಕ್ಕೆ ಎಡೆಗೊಡುವುದಿಲ್ಲ. ತಡೆದ ಮೇಲೂ ಗಾರ್ಗಿ ಸುಮ್ಮನಾದವಳಲ್ಲ. ಎರಡು ಬಾಣ ಹಿಡಿದವಳಂತೆ ಎರಡು ಪ್ರಶ್ನೆಗಳೊಡನೆ ಮತ್ತೆ ಎದ್ದು ನಿಲ್ಲುತ್ತಾಳೆ. ಆಗ ಬಂದ ಉತ್ತರ: ಎಲ್ಲವೂ ಆಕಾಶದಲ್ಲಿ ನೇಯ್ದಿದೆ, ಆಕಾಶ ಅಕ್ಷರದಲ್ಲಿ, ಅಂದರೆ ನಾಶವಿಲ್ಲದ್ದರಲ್ಲಿ. ಆ ಅಕ್ಷರ ದಪ್ಪವಲ್ಲ, ತೆಳುವಲ್ಲ. ಅದಕ್ಕೆ ನೆರಳಿಲ್ಲ, ಕತ್ತಲೆಯೂ ಇಲ್ಲ. ಕಪ್ಪುದ್ರವ್ಯಕ್ಕಾದರೋ ತೂಕವಿದೆ, ಒಂದೆಡೆ ದಟ್ಟ, ಇನ್ನೊಂದೆಡೆ ವಿರಳವೆಂಬ ಹರಹಿದೆ, ಲೆಕ್ಕಕ್ಕೆ ಸಿಗುವ ಸೆಳೆತವಿದೆ. ಅದು ಬಟ್ಟೆಯೊಳಗಿನದೇ ಇನ್ನೊಂದು ನೂಲು, ಕಣ್ಣಿಗೆ ಬೀಳದ ನೂಲು. ಅದನ್ನು ಅಕ್ಷರಬ್ರಹ್ಮವೆಂದರೆ ವಿಜ್ಞಾನಕ್ಕೂ ಲಾಭವಿಲ್ಲ, ಉಪನಿಷತ್ತಿಗೂ ಗೌರವವಿಲ್ಲ. ನೂಲು ಯಾವುದರದು ಎಂಬುದು ಒಂದು ಪ್ರಶ್ನೆ. ನೂಲೆಂಬುದು ಇರುವುದಾದರೂ ಯಾವುದರ ಬಲದಿಂದ ಎಂಬುದು ಬೇರೆಯೇ ಪ್ರಶ್ನೆ. ಗಾರ್ಗಿಯ ಮೊದಲ ಸರಣಿ ಒಂದರಿಂದ ಇನ್ನೊಂದಕ್ಕೆ ಏರುತ್ತ ಇವುಗಳಲ್ಲಿ ಮೊದಲನೆಯ ಪ್ರಶ್ನೆಯಲ್ಲೇ ಉಳಿದಿತ್ತು. ಎರಡನೆಯ ಸಲ ಅವಳು ಕೇಳಿದ್ದು ಮೇಲಿನದು, ಕೆಳಗಿನದು, ಹಿಂದಿನದು, ಮುಂದಿನದು ಎಲ್ಲವನ್ನೂ ಒಟ್ಟಿಗೆ ಹಿಡಿದು.

ನೂಲು ಯಾವುದರದು ಎಂಬ ಮೊದಲ ಪ್ರಶ್ನೆಯ ಹುಡುಕಾಟ ನೆಲದಡಿಯಲ್ಲೂ ನಡೆದಿದೆ. ಜಾರ್ಖಂಡಿನ ಜಾದೂಗುಡಾ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಅದಕ್ಕೆಂದೇ ಪ್ರಯೋಗಾಲಯವಿದೆ. ಆ ನೂಲಿನ ಒಂದು ಎಳೆಯೂ ಇನ್ನೂ ನೇರವಾಗಿ ಕೈಗೆ ಸಿಕ್ಕಿಲ್ಲ.