ರಾಗ್‌ನ ಬಾಣಂತಿ ಯಾರ ಹೊಣೆ?

2002ರಲ್ಲಿ, ತಾಲಿಬಾನರ ಮೊದಲ ಆಡಳಿತ ಉರುಳಿದ ಮರುವರ್ಷ, ಆರೋಗ್ಯ ಸಮೀಕ್ಷೆಯ ತಂಡವೊಂದು ಅಫ್ಘಾನಿಸ್ತಾನದ ನಾಲ್ಕು ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ, ಹಿಂದಿನ ಕೆಲವು ವರ್ಷಗಳಲ್ಲಿ ಸತ್ತ ಹೆಂಗಸರು ಯಾವ ಕಾರಣಕ್ಕೆ ಸತ್ತರೆಂದು ವಿಚಾರಿಸಿತು. ಬದಖ್ಶಾನ್ ಪ್ರಾಂತ್ಯದ ಗುಡ್ಡಗಾಡು ಜಿಲ್ಲೆಯಾದ ರಾಗ್‌ನಲ್ಲಿ ಸಿಕ್ಕ ಲೆಕ್ಕ, ಒಂದು ಲಕ್ಷ ಜೀವಂತ ಜನನಗಳಿಗೆ ಸುಮಾರು 6,500 ತಾಯಂದಿರ ಸಾವು. ಜಗತ್ತಿನ ಯಾವ ಮೂಲೆಯಲ್ಲೂ ಅಷ್ಟು ದೊಡ್ಡ ಸಂಖ್ಯೆ ಅದುವರೆಗೆ ದಾಖಲಾಗಿರಲಿಲ್ಲ. ಅದೇ ಸಮೀಕ್ಷೆಯಲ್ಲಿ ಕಾಬೂಲಿನ ಸಂಖ್ಯೆ 400ರ ಆಸುಪಾಸಿನಲ್ಲಿತ್ತು. ತೊಂಬತ್ತರ ದಶಕದಲ್ಲಿ ರಾಕೆಟ್ಟುಗಳು ಸುರಿದದ್ದು ಕಾಬೂಲಿನ ಮೇಲೆ. ಹೆರಿಗೆಯಲ್ಲಿ ಹೆಚ್ಚು ಹೆಂಗಸರು ಸತ್ತದ್ದು ರಾಗ್‌ನಲ್ಲಿ. ಅವರನ್ನು ಕೊಂದದ್ದು ನಿಲ್ಲದ ರಕ್ತಸ್ರಾವ, ಅಡ್ಡ ನಿಂತ ಮಗು ಮತ್ತು ರಸ್ತೆಯಿಲ್ಲದ ಬೆಟ್ಟ.

ಈ ಸಾವುಗಳನ್ನು ಯಾರೂ ಯುದ್ಧದ ಲೆಕ್ಕಕ್ಕೆ ಬರೆಯುವುದಿಲ್ಲ. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ದೇಶದಲ್ಲಿ ರಸ್ತೆ ಮಾಡದೆ, ಶಾಲೆ ನಡೆಸದೆ, ಡಾಕ್ಟರುಗಳನ್ನು ಗಡಿಯಾಚೆ ಓಡಿಸಿ, ಕೊನೆಗೆ ಹೆಣ್ಣುಮಕ್ಕಳ ಕೈಯಿಂದ ಪುಸ್ತಕವನ್ನೂ ಕಿತ್ತುಕೊಂಡರೆ, ಅದರ ಫಲ ಹೆರಿಗೆಯ ಕೋಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾದರೆ ರಾಗ್‌ನ ಬಾಣಂತಿ ಯಾರ ಹೊಣೆ? ಅವಳನ್ನು ಆಳುವವರದೋ, ಅವಳ ನೆಲದಲ್ಲಿ ತಮ್ಮ ಯುದ್ಧ ಮಾಡಿದ ದೊಡ್ಡ ದೇಶಗಳದೋ, ಅವಳ ಊರಿನದೋ?

ನಮ್ಮ ಹಳೆಯ ವಿದ್ವಾಂಸರು ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಎತ್ತಿದ್ದರು. ಇಮಾಮ್ ಗಜ್ಜಾಲಿ ವೈದ್ಯಕೀಯ ವಿದ್ಯೆಯನ್ನು ಫರ್ಜ್ ಕಿಫಾಯಾ ಎಂದು ಎಣಿಸಿದರು. ಅಂದರೆ ಊರಿನಲ್ಲಿ ಕೆಲವರಾದರೂ ಅದನ್ನು ಕಲಿತಿದ್ದರೆ ಉಳಿದವರ ಋಣ ತೀರುತ್ತದೆ. ಒಬ್ಬರೂ ಕಲಿಯದಿದ್ದರೆ ಇಡೀ ಊರೇ ತಪ್ಪಿತಸ್ಥ. ಎಲ್ಲರೂ ಧರ್ಮಶಾಸ್ತ್ರದ ವಾದವಿವಾದಗಳಿಗೆ ಮುಗಿಬಿದ್ದು ವೈದ್ಯವನ್ನು ಕೈಬಿಟ್ಟಿದ್ದಾರೆಂದು ಅವರು ಬೇಸರಪಟ್ಟದ್ದೂ ಉಂಟು. ಒಂಬೈನೂರು ವರ್ಷಗಳ ಹಿಂದಿನ ಬೇಸರ ಅದು! ಈ ಮಾತಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಚಿಕಿತ್ಸೆ ಇಲ್ಲಿ ದಾನವಲ್ಲ, ಸಾಲ. ದಾನ ಕೊಡುವವನು ಮನಸ್ಸು ಬದಲಿಸಬಹುದು. ಸಾಲಗಾರನಿಗೆ ಆ ಸ್ವಾತಂತ್ರ್ಯವಿಲ್ಲ.

2003ರಲ್ಲಿ ಅಫ್ಘಾನಿಸ್ತಾನ ಆರೋಗ್ಯ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಲು ಹೊರಟಾಗ ಕೈಯಲ್ಲಿದ್ದದ್ದು ಬಹುಪಾಲು ದಾನದ ಹಣ. ಯಾವ ಚಿಕಿತ್ಸೆ ಎಲ್ಲಿ ಸಿಗಬೇಕೆಂದು ಸರಕಾರ ಒಂದು ಮೂಲಭೂತ ಪಟ್ಟಿ ಮಾಡಿತು. ಆಸ್ಪತ್ರೆ ನಡೆಸುವ ಕೆಲಸವನ್ನು ಗುತ್ತಿಗೆಯ ಮೇಲೆ ಸ್ವಯಂಸೇವಾ ಸಂಸ್ಥೆಗಳಿಗೆ ಕೊಟ್ಟಿತು. ಖರ್ಚನ್ನು ವಿಶ್ವಬ್ಯಾಂಕ್, ಅಮೆರಿಕ ಮತ್ತು ಯುರೋಪ್ ಭರಿಸಿದವು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಇದರಿಂದ ಜೀವಗಳು ಉಳಿದವು. ಆದರೆ ಅದರಲ್ಲಿ ಎಲ್ಲಕ್ಕಿಂತ ಜಾಣತನದ ಕೆಲಸ ಸೂಲಗಿತ್ತಿಯರ ತರಬೇತಿ. 2002ರಲ್ಲಿ ಇಡೀ ದೇಶದಲ್ಲಿ ತರಬೇತಾದ ಸೂಲಗಿತ್ತಿಯರು ಐನೂರು ಮಂದಿಯೂ ಇರಲಿಲ್ಲ. ನಗರದ ನರ್ಸನ್ನು ಬೆಟ್ಟಕ್ಕೆ ಕಳುಹಿಸಿದರೆ ಅವಳು ನಿಲ್ಲುವುದಿಲ್ಲ. ಹಾಗಾಗಿ ಬೆಟ್ಟದ ಊರಿನವರೇ ಒಬ್ಬ ಹುಡುಗಿಯನ್ನು ಆರಿಸಿ ಕಳುಹಿಸಬೇಕು, ಅವಳು ಒಂದೂವರೆ ವರ್ಷ ಕಲಿತು ತನ್ನ ಊರಿಗೇ ಮರಳಬೇಕು ಎಂದಾಯಿತು. ಹತ್ತು ವರ್ಷಗಳಲ್ಲಿ ಅವರ ಸಂಖ್ಯೆ ಸಾವಿರಗಳನ್ನು ಮುಟ್ಟಿತು. ವಿಶ್ವಸಂಸ್ಥೆಯ ಅಂದಾಜಿನಂತೆ 2020ರ ವೇಳೆಗೆ ದೇಶದ ತಾಯಂದಿರ ಸಾವು ಲಕ್ಷಕ್ಕೆ 620ರ ಸುತ್ತಮುತ್ತ ಇಳಿದಿತ್ತು. ಅದೂ ಘೋರವೇ. ಆದರೆ 2002ರಲ್ಲಿ ಇಡೀ ದೇಶದ ಅಂದಾಜು 1,600 ಇತ್ತು.

2021ರ ಆಗಸ್ಟ್‌ನಲ್ಲಿ ತಾಲಿಬಾನರು ಮರಳಿದರು, ದಾನಿಗಳು ಹಣ ನಿಲ್ಲಿಸಿದರು. ಮುಂದಿನ ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಪ್ರಕಾರ, ಆ ಹಣದಿಂದ ನಡೆಯುತ್ತಿದ್ದ ಕೇಂದ್ರಗಳಲ್ಲಿ ಪೂರ್ತಿ ಕೆಲಸ ಮಾಡುತ್ತಿದ್ದವು ನೂರಕ್ಕೆ 17 ಮಾತ್ರ. ದಾನಿಗಳ ವಾದ ಪೊಳ್ಳೇನಲ್ಲ. ಆಸ್ಪತ್ರೆಯ ಖರ್ಚನ್ನು ನಾವು ಹೊತ್ತರೆ ಆಳುವವರು ತಮ್ಮ ಹಣವನ್ನು ಬಂದೂಕಿಗೆ ಉಳಿಸಿಕೊಳ್ಳುತ್ತಾರೆ ಎಂಬುದು ನಿಜವಿರಬಹುದು. ಆದರೆ ಹಣ ನಿಂತದ್ದಕ್ಕೆ ಯಾವ ಕಮಾಂಡರನೂ ಔಷಧಿಯಿಲ್ಲದೆ ಸತ್ತಂತಿಲ್ಲ. ಶಿಕ್ಷೆಯಾಗಬೇಕಾದವನನ್ನು ಬಿಟ್ಟು ಅವನ ಕೈಸೆರೆಯಲ್ಲಿರುವವಳನ್ನು ಶಿಕ್ಷಿಸುವುದು ಯಾವ ನ್ಯಾಯ? ಆ ವರ್ಷದ ಕೊನೆಗೆ ವಿಶ್ವಸಂಸ್ಥೆ ಮತ್ತು ರೆಡ್ ಕ್ರಾಸ್ ಡಾಕ್ಟರು, ನರ್ಸುಗಳಿಗೆ ನೇರವಾಗಿ ಸಂಬಳ ಕೊಡುವ ದಾರಿ ಹುಡುಕಿದವು. ದಾರಿ ಇತ್ತು ಎಂದಾಯಿತಲ್ಲ! ಆಮೇಲೆ 2025ರಲ್ಲಿ ಅಮೆರಿಕ ತನ್ನ ನೆರವನ್ನು ಕಡಿದಾಗ, ಮಾರ್ಚ್ ಮೊದಲ ವಾರದೊಳಗೇ 160ಕ್ಕೂ ಹೆಚ್ಚು ಆರೋಗ್ಯ ಕೇಂದ್ರಗಳು ಬಾಗಿಲು ಹಾಕಿದವು.

ಹೊರಗಿನವರನ್ನು ದೂರಿ ಸುಮ್ಮನಾಗುವುದು ನಮಗೆ ಸುಲಭ. ನಮ್ಮ ವೇದಿಕೆಗಳಲ್ಲಿ ಅದೇ ಹೆಚ್ಚು. ಒಳಗಿನವರು ಮಾಡಿದ್ದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ತಾಲಿಬಾನರು ಹುಡುಗಿಯರಿಗೆ ಪ್ರೌಢಶಾಲೆ ಮುಚ್ಚಿದರು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಮುಚ್ಚಿದರು, 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿಯನ್ನೂ ನಿಲ್ಲಿಸಿದರು. ಹೆಂಗಸನ್ನು ಪರಗಂಡಸು ಮುಟ್ಟಬಾರದೆನ್ನುವವರೇ ಅವಳನ್ನು ಮುಟ್ಟಬಲ್ಲ ಹೆಂಗಸನ್ನು ತಯಾರು ಮಾಡುವುದನ್ನು ಬೇಡವೆಂದರು. ಗಜ್ಜಾಲಿಯವರ ಲೆಕ್ಕದಲ್ಲಿ ವಿದ್ಯೆ ಕಲಿಯದ ಊರು ಪಾಪಿ. ಕಲಿಯಲು ಹೊರಟವಳನ್ನು ಬಾಗಿಲಲ್ಲಿ ತಡೆಯುವ ಆಡಳಿತಕ್ಕೆ ಏನೆನ್ನಬೇಕು?

ಇವರು ಧರ್ಮದ ಹೆಸರು ಹೇಳುತ್ತಾರೆ. ಕಂದಕದ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆಜ್‌ರನ್ನು ಪ್ರವಾದಿಯವರು ಕಳುಹಿಸಿದ್ದು ಮದೀನಾದ ಮಸೀದಿಯಲ್ಲೇ ಹಾಕಿದ್ದ ರುಫೈದಾ ಎಂಬ ಹೆಂಗಸಿನ ಚಿಕಿತ್ಸೆಯ ಡೇರೆಗೆ ಎಂದು ನಮ್ಮ ಚರಿತ್ರೆಕಾರರು ಬರೆದಿದ್ದಾರೆ. ಅಷ್ಟು ಹಿಂದೆ ಹೋಗುವುದೂ ಬೇಡ. 1996ರಲ್ಲಿ ಇದೇ ತಾಲಿಬಾನರು ಕಾಬೂಲಿನ ಶಸ್ತ್ರವೈದ್ಯೆ ಸುಹೈಲಾ ಸಿದ್ದೀಕಿಯವರನ್ನು ಕೆಲಸದಿಂದ ತೆಗೆದರು. ಕೆಲವೇ ತಿಂಗಳಲ್ಲಿ ಅವರಿಲ್ಲದೆ ಆಗುವುದಿಲ್ಲವೆಂದು ತಿಳಿದು ವಾಪಸ್ಸು ಕರೆದರು. ಆಕೆ ಬುರ್ಖಾ ಧರಿಸದೆಯೇ ಹೋಗಿ ಕತ್ತರಿ ಹಿಡಿದರು, ಮುಂದೆ ದೇಶದ ಆರೋಗ್ಯ ಮಂತ್ರಿಯೂ ಆದರು. 2020ರಲ್ಲಿ ತೀರಿಕೊಂಡರು.

ಈ ಸಲ ಕರೆಯಬೇಕೆಂದರೂ ಕರೆಯಲು ಯಾರಿರುತ್ತಾರೆ ಎಂಬುದೇ ನನ್ನ ಚಿಂತೆ. 2003ರ ಹೊತ್ತಿಗೆ ಇಪ್ಪತ್ತರ ಹರೆಯದಲ್ಲಿ ತರಬೇತಿಗೆ ಸೇರಿದ ಬೆಟ್ಟದ ಹುಡುಗಿಗೆ ಈಗ ನಲವತ್ತು ದಾಟಿದೆ. ರಾತ್ರಿ ಕರೆ ಬಂದರೆ ಅವಳು ಇನ್ನೂ ಎದ್ದು ನಡೆಯುತ್ತಾಳೆ. ಅವಳ ಚೀಲವನ್ನು ಕೈಗೆತ್ತಿಕೊಳ್ಳಬೇಕಾದ ಹುಡುಗಿ ಆರನೇ ತರಗತಿಯ ನಂತರ ಮನೆಯಲ್ಲಿ ಕುಳಿತಿದ್ದಾಳೆ.